ಜನಗಣತಿಯಲ್ಲಿ ‘ಜೈನ’ ಎಂದು ಬರೆಸುವ ಮುನ್ನ: ನಮ್ಮ ಹೆಣ್ಣುಮಕ್ಕಳ ಲೆಕ್ಕ

ದೇಶದ ಮುಂದಿನ ಜನಗಣತಿಗೆ ಸಿದ್ಧತೆ ನಡೆದಿದೆ. ಕೇಂದ್ರ ಸರ್ಕಾರ 2025ರ ಜೂನ್ 16ರಂದು ಹೊರಡಿಸಿದ ಅಧಿಸೂಚನೆಯಂತೆ, ದೇಶದ ಬಹುಪಾಲು ಭಾಗದಲ್ಲಿ 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡು ಜನರ ಎಣಿಕೆ ನಡೆಯಲಿದೆ. ಸ್ವಾತಂತ್ರ್ಯಾನಂತರ ಮೊದಲ ಬಾರಿಗೆ ಎಲ್ಲ ಜಾತಿಗಳ ವಿವರವನ್ನೂ ಇದರಲ್ಲಿ ದಾಖಲಿಸಲಾಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಆಯೋಗವು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭಿಸಿದಾಗಲೂ, ಧರ್ಮದ ಕಾಲಂನಲ್ಲಿ ಏನು ಬರೆಸಬೇಕು, ಜಾತಿಯ ಕಾಲಂನಲ್ಲಿ ಏನು ಬರೆಸಬೇಕು ಎಂಬ ಚರ್ಚೆ ಸಮಾಜದಲ್ಲಿ ನಡೆದಿತ್ತು. ಈಗ ಮತ್ತೆ ಬಸದಿಗಳಲ್ಲಿ, ಸಮಾಜದ ಸಭೆಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ‘ತಪ್ಪದೆ ಜೈನ ಎಂದೇ ಬರೆಸಿ’ ಎಂಬ ಕರೆ ಕೇಳಿಬರುತ್ತಿದೆ.

ಈ ಕರೆ ಸರಿಯಾದುದೇ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಜೈನರ ಸಂಖ್ಯೆ ಸುಮಾರು 44.5 ಲಕ್ಷ, ಕರ್ನಾಟಕದಲ್ಲಿ ಸುಮಾರು 4.4 ಲಕ್ಷ. ದೇಶದ ಪ್ರತಿ ಹತ್ತು ಜೈನರಲ್ಲಿ ಒಬ್ಬರು ನಮ್ಮ ರಾಜ್ಯದವರು. 2014ರ ಜನವರಿಯಲ್ಲಿ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸ್ಥಾನಮಾನ ದೊರೆತ ಮೇಲೆ ಸರಿಯಾದ ಸಂಖ್ಯೆ ದಾಖಲಾಗುವುದು ಇನ್ನಷ್ಟು ಮುಖ್ಯವಾಗಿದೆ.

ಆದರೆ ಜನಗಣತಿ ನಮ್ಮ ಒಟ್ಟು ಸಂಖ್ಯೆಯನ್ನಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಮನೆಯಲ್ಲಿ ಗಂಡುಮಕ್ಕಳು ಎಷ್ಟು, ಹೆಣ್ಣುಮಕ್ಕಳು ಎಷ್ಟು ಎಂಬುದನ್ನೂ ಅದು ಎಣಿಸುತ್ತದೆ. ಸಮಾಜದಲ್ಲಿ ಅನ್ಯಾಯ, ಅಸಮಾನತೆ ಎಂದಾಗ ಹೊರಗಿನವರು ನಮಗೆ ಮಾಡಿದ್ದನ್ನೇ ನಾವು ಮೊದಲು ನೆನೆಯುತ್ತೇವೆ. ನಮ್ಮ ಮನೆಯೊಳಗಿನ ಅಸಮಾನತೆಯನ್ನು ಜನಗಣತಿಯ ಪುಟಗಳೇ ತೋರಿಸುತ್ತಿರುವಾಗ ಅದನ್ನೂ ಓದುವುದು ಶ್ರಾವಕ-ಶ್ರಾವಿಕೆಯರ ಕರ್ತವ್ಯ.

ಒಂದೇ ಪುಸ್ತಕದ ಎರಡು ಅಂಕಿಗಳು

ಸಾಕ್ಷರತೆಯ ವಿಷಯ ಬಂದಾಗ ನಾವು ಹೆಮ್ಮೆಯಿಂದ ಹೇಳುವ ಅಂಕಿಯೊಂದಿದೆ. 2001ರಲ್ಲೂ 2011ರಲ್ಲೂ ಜೈನರ ಸಾಕ್ಷರತೆ ಶೇ. 94ಕ್ಕಿಂತ ಹೆಚ್ಚು. ದೇಶದ ಆರು ಪ್ರಮುಖ ಧರ್ಮೀಯರಲ್ಲಿ ಇದೇ ಅತ್ಯಧಿಕ. ನಮ್ಮ ಮಹಿಳೆಯರ ಸಾಕ್ಷರತೆಯೂ 2001ರಲ್ಲೇ ಶೇ. 90 ದಾಟಿತ್ತು.

ಅದೇ ಜನಗಣತಿಯ ಇನ್ನೊಂದು ಅಂಕಿಯನ್ನು ನಾವು ಸಭೆಗಳಲ್ಲಿ ಹೇಳುವುದಿಲ್ಲ. ಆರು ವರ್ಷದೊಳಗಿನ ಮಕ್ಕಳಲ್ಲಿ 1000 ಗಂಡುಮಕ್ಕಳಿಗೆ ಎಷ್ಟು ಹೆಣ್ಣುಮಕ್ಕಳು ಎಂಬ ಲೆಕ್ಕ ಅದು. 2001ರಲ್ಲಿ ಜೈನರಲ್ಲಿ ಈ ಸಂಖ್ಯೆ 870, 2011ರಲ್ಲಿ 889. ಇಡೀ ದೇಶದ ಸರಾಸರಿ 2011ರಲ್ಲಿ 918 ಇತ್ತು. ಪ್ರಮುಖ ಧರ್ಮೀಯರಲ್ಲಿ ಸಿಖ್ಖರನ್ನು ಬಿಟ್ಟರೆ ಅತ್ಯಂತ ಕಡಿಮೆ ಸಂಖ್ಯೆ ನಮ್ಮದೇ. ಅತಿ ಹೆಚ್ಚು ಓದಿದ ಸಮಾಜ, ಅಹಿಂಸೆಯನ್ನು ಪರಮಧರ್ಮವೆಂದು ಸಾರುವ ಸಮಾಜ, ಹೆಣ್ಣುಮಗುವಿನ ಲೆಕ್ಕ ಬಂದಾಗ ಕೆಳಗಿನಿಂದ ಎರಡನೆಯ ಸ್ಥಾನದಲ್ಲಿ ನಿಂತಿದೆ.

ಇದಕ್ಕೆ ಕೆಲವರು ಸಮಾಧಾನ ಹೇಳುತ್ತಾರೆ: ‘ಈಗ ಎಲ್ಲರಿಗೂ ಒಂದೋ ಎರಡೋ ಮಕ್ಕಳು. ಮೊದಲನೆಯದು ಗಂಡಾದರೆ ಅಲ್ಲಿಗೇ ಸಾಕು ಎನ್ನುತ್ತಾರೆ. ಅದರಿಂದ ಹೀಗಾಗಿದೆ.’ ಇದು ಸರಿಯಾದ ಲೆಕ್ಕವಲ್ಲ. ಗಂಡು ಹುಟ್ಟಿದ ಮೇಲೆ ನಿಲ್ಲಿಸಿದ ಮಾತ್ರಕ್ಕೆ ಒಟ್ಟು ಅನುಪಾತ ಬದಲಾಗುವುದಿಲ್ಲ, ಏಕೆಂದರೆ ಪ್ರತಿಯೊಂದು ಹೆರಿಗೆಯಲ್ಲೂ ಗಂಡು ಅಥವಾ ಹೆಣ್ಣು ಹುಟ್ಟುವ ಸಂಭವ ಹಿಂದಿನಂತೆಯೇ ಇರುತ್ತದೆ. ಸಹಜವಾಗಿ 1000 ಗಂಡುಮಕ್ಕಳಿಗೆ ಸುಮಾರು 950 ಹೆಣ್ಣುಮಕ್ಕಳಿರಬೇಕು. ಅದು 889ಕ್ಕೆ ಇಳಿದಿದೆ ಎಂದರೆ ಸುಮಾರು 60 ಹೆಣ್ಣುಮಕ್ಕಳು ಹುಟ್ಟುವ ಮೊದಲೇ ಇಲ್ಲವಾಗಿದ್ದಾರೆ, ಇಲ್ಲವೇ ಹುಟ್ಟಿದ ಮೇಲೆ ಆರೈಕೆಯಿಲ್ಲದೆ ಹೋಗಿದ್ದಾರೆ. ಬಡತನವಿಲ್ಲದ, ವೈದ್ಯರ ಸೌಲಭ್ಯವಿರುವ, ವಿದ್ಯಾವಂತ ಕುಟುಂಬಗಳಲ್ಲಿ ಎರಡನೆಯ ಕಾರಣಕ್ಕಿಂತ ಮೊದಲನೆಯದೇ ಹೆಚ್ಚು ಎಂದು ಊಹಿಸಲು ಕಷ್ಟಪಡಬೇಕಿಲ್ಲ.

ಇನ್ನು ಕೆಲವರು ‘ಅದು ಉತ್ತರ ಭಾರತದವರ ಲೆಕ್ಕ, ನಮ್ಮ ಕರ್ನಾಟಕದ್ದಲ್ಲ’ ಎನ್ನುತ್ತಾರೆ. ಸಾಕ್ಷರತೆಯ ಶೇ. 94 ಕೂಡ ಇಡೀ ದೇಶದ ಜೈನರ ಲೆಕ್ಕವೇ. ಅದನ್ನು ಹೇಳುವಾಗ ಅದು ಯಾವ ರಾಜ್ಯದವರದು ಎಂದು ನಾವು ಕೇಳಲಿಲ್ಲ. ಹೆಮ್ಮೆಯ ಅಂಕಿಯನ್ನು ಮನೆಗೆ ತಂದುಕೊಂಡು, ನಾಚಿಕೆಯ ಅಂಕಿಯನ್ನು ಪಕ್ಕದ ರಾಜ್ಯಕ್ಕೆ ಕಳಿಸುವುದು ಸರಿಯಲ್ಲ. ಕರ್ನಾಟಕವೂ ಈ ಪಿಡುಗಿನಿಂದ ದೂರವಿಲ್ಲ. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾದಾಗ ಇಡೀ ರಾಜ್ಯವೇ ಬೆಚ್ಚಿತ್ತು. ಅದು ಯಾವುದೋ ಒಂದು ಸಮಾಜದ ಕಥೆಯಲ್ಲ. ಗಂಡೇ ಬೇಕೆನ್ನುವ ಮನೆಗಳು ಇರುವುದರಿಂದಲೇ ಇಂಥ ಜಾಲಗಳು ಹುಟ್ಟುತ್ತವೆ.

ಇಲ್ಲಿ ಒಂದು ಭರವಸೆಯ ಸಂಗತಿಯನ್ನೂ ಹೇಳಬೇಕು. 2001ರಿಂದ 2011ರ ನಡುವೆ ದೇಶದ ಸರಾಸರಿ 927ರಿಂದ 918ಕ್ಕೆ ಇಳಿಯಿತು. ಜೈನರಲ್ಲಿ ಮಾತ್ರ 870ರಿಂದ 889ಕ್ಕೆ ಏರಿತು. ಅಂದರೆ ಸಮಾಜ ಮನಸ್ಸು ಮಾಡಿದರೆ ತಿದ್ದಿಕೊಳ್ಳಬಲ್ಲದು. 2027ರ ಅಂಕಿ ಎಲ್ಲಿ ನಿಲ್ಲುತ್ತದೆ ಎಂಬುದೇ ಈಗಿನ ಪ್ರಶ್ನೆ.

ಇದು ಸಂಕಲ್ಪೀ ಹಿಂಸೆ

ನಮ್ಮ ಆಚಾರ್ಯರು ಹಿಂಸೆಯನ್ನು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಅಡುಗೆ, ಮನೆಗೆಲಸದಲ್ಲಿ ಆಗುವುದು, ಬೇಸಾಯ, ವ್ಯಾಪಾರದಲ್ಲಿ ಆಗುವುದು, ಆತ್ಮರಕ್ಷಣೆಯಲ್ಲಿ ಆಗುವುದು ಗೃಹಸ್ಥನಿಗೆ ಸಂಪೂರ್ಣವಾಗಿ ತಪ್ಪಿಸಲಾಗದವು. ಆದರೆ ಬೇಕೆಂದೇ, ಮನಸ್ಸಿನಲ್ಲಿ ನಿಶ್ಚಯಿಸಿ ಮಾಡುವ ಸಂಕಲ್ಪೀ ಹಿಂಸೆಯನ್ನು ಅಣುವ್ರತಿಯಾದ ಸಾಮಾನ್ಯ ಗೃಹಸ್ಥನೂ ಬಿಡಲೇಬೇಕು. ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ, ಗಡ್ಡೆಗೆಣಸನ್ನು ಬಿಟ್ಟ ಮನೆಯಲ್ಲಿ ಪಂಚೇಂದ್ರಿಯ ಜೀವವೊಂದನ್ನು ಅದು ಹೆಣ್ಣೆಂಬ ಒಂದೇ ಕಾರಣಕ್ಕೆ ಇಲ್ಲವಾಗಿಸಿದರೆ, ಅದನ್ನು ಸಂಕಲ್ಪೀ ಹಿಂಸೆ ಎನ್ನದೆ ಇನ್ನೇನೆನ್ನಬೇಕು?

ಇನ್ನೊಂದು ಮಾತು. ಕೃತ, ಕಾರಿತ, ಅನುಮೋದನ, ಅಂದರೆ ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದವರಿಗೆ ಸಮ್ಮತಿಸಿದ್ದು, ಈ ಮೂರರಿಂದಲೂ ಕರ್ಮಬಂಧವಾಗುತ್ತದೆ ಎಂದು ನಮ್ಮ ಶಾಸ್ತ್ರಗಳು ಹೇಳುತ್ತವೆ. ಆಸ್ಪತ್ರೆಯ ಮೆಟ್ಟಿಲು ಹತ್ತಿದ ತಾಯಿಯೊಬ್ಬಳದೇ ತಪ್ಪಲ್ಲ. ‘ಈ ಸಲವಾದರೂ ಗಂಡಾಗಲಿ’ ಎಂದು ಬೆಳಗಾಗೆದ್ದು ಹೇಳುವ ಅತ್ತೆ, ಮಾತಾಡದೆ ಕಾರು ತೆಗೆಯುವ ಗಂಡ, ಗೊತ್ತಿದ್ದೂ ಸುಮ್ಮನಿದ್ದ ನೆಂಟರು ಎಲ್ಲರೂ ಪಾಲುದಾರರೇ. 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯೂ ಇದೇ ದಾರಿಯಲ್ಲಿ ನಡೆದಿದೆ. ಗರ್ಭಿಣಿಯನ್ನು ಗಂಡ ಅಥವಾ ಬಂಧುಗಳೇ ಒತ್ತಾಯಿಸಿದ್ದಾರೆ ಎಂದು ಆ ಕಾಯ್ದೆ ಮೊದಲು ಭಾವಿಸುತ್ತದೆ. ಹಾಗಲ್ಲವೆಂದು ರುಜುವಾತುಪಡಿಸುವ ಹೊಣೆ ಅವರದು.

ಜನ್ನ ಕವಿಯ ‘ಯಶೋಧರ ಚರಿತೆ’ಯನ್ನು ನಾವು ಪರ್ವದಿನಗಳಲ್ಲಿ ಓದಿಸಿ ಕೇಳುತ್ತೇವೆ. ತಾಯಿ ಚಂದ್ರಮತಿ ಬಲಿ ಕೊಡೆಂದು ಮಗನನ್ನು ಒತ್ತಾಯಿಸುತ್ತಾಳೆ. ಜೀವಹಿಂಸೆಗೆ ಒಪ್ಪದ ಯಶೋಧರ ಕೊನೆಗೆ ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಅದು ಬರಿಯ ಹಿಟ್ಟು. ಆದರೂ ಸಂಕಲ್ಪ ಹಿಂಸೆಯದಾದ್ದರಿಂದ ಒತ್ತಾಯಿಸಿದ ತಾಯಿ, ಒಪ್ಪಿದ ಮಗ ಇಬ್ಬರೂ ಭವಭವಗಳಲ್ಲಿ ಬಳಲುತ್ತಾರೆ. 800 ವರ್ಷಗಳಿಂದ ಈ ಕಥೆಯನ್ನು ಕೇಳುತ್ತ ಬಂದಿರುವ ನಾವು, ಹಿರಿಯರ ಒತ್ತಾಯಕ್ಕೆ ಮಣಿದು ಜೀವಂತ ಗರ್ಭದ ವಿಷಯದಲ್ಲಿ ತಪ್ಪು ಮಾಡಿದರೆ ಕಥೆಯನ್ನು ಕಿವಿಯಲ್ಲಷ್ಟೇ ಕೇಳಿದಂತಾಯಿತು.

ಸಾಹಿತ್ಯದಲ್ಲಿ ಮಗಳು

ನಮ್ಮ ಸಾಹಿತ್ಯ ಹೆಣ್ಣನ್ನು ಎಲ್ಲೆಡೆಯೂ ಸಮಾನವಾಗಿ ಕಂಡಿದೆ ಎಂದು ಹೇಳಿದರೆ ಸುಳ್ಳಾದೀತು. ಸ್ತ್ರೀಯನ್ನು ಮೋಹದ ಮೂಲವೆಂದು ದೂರುವ ಪದ್ಯಗಳು ಪುರಾಣಗಳಲ್ಲಿ ಸಾಕಷ್ಟಿವೆ. ಯಶೋಧರನ ಕಥೆಯಲ್ಲೇ ಅಮೃತಮತಿಯ ಪಾತ್ರ ಹೇಗೆ ಬಂದಿದೆ ನೋಡಿ. ಸ್ತ್ರೀಗೆ ಆ ಭವದಲ್ಲೇ ಮುಕ್ತಿಯುಂಟೇ ಎಂಬ ವಿಷಯದಲ್ಲಿ ದಿಗಂಬರ-ಶ್ವೇತಾಂಬರ ಪರಂಪರೆಗಳಿಗೆ ಭಿನ್ನಾಭಿಪ್ರಾಯವಿದೆ. ನಮ್ಮ ಕರ್ನಾಟಕದಲ್ಲೇ ಬೆಳೆದ ಯಾಪನೀಯ ಸಂಘದ ಶಾಕಟಾಯನಾಚಾರ್ಯರು, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಸ್ತ್ರೀಮುಕ್ತಿಯನ್ನು ಸಮರ್ಥಿಸಿ ಗ್ರಂಥವನ್ನೇ ಬರೆದರು. ಆ ಶಾಸ್ತ್ರಚರ್ಚೆಯನ್ನು ಇತ್ಯರ್ಥಪಡಿಸುವುದು ಈ ಲೇಖನದ ಉದ್ದೇಶವಲ್ಲ. ಸಾವಿರ ವರ್ಷಗಳ ಹಿಂದೆಯೇ ನಮ್ಮ ನೆಲದಲ್ಲಿ ಈ ಪ್ರಶ್ನೆಯನ್ನು ಮುಕ್ತವಾಗಿ ಎತ್ತಿದ್ದರು ಎಂಬುದನ್ನು ನೆನಪಿಸುವುದಷ್ಟೇ ಇಲ್ಲಿ ಮುಖ್ಯ.

ಆದರೆ ಮಗಳ ವಿಷಯಕ್ಕೆ ಬಂದಾಗ ನಮ್ಮ ಆಚಾರ್ಯರ, ಕವಿಗಳ ನಿಲುವು ಸ್ಪಷ್ಟವಾಗಿದೆ. ಆದಿತೀರ್ಥಂಕರ ವೃಷಭದೇವನು ತನ್ನ ಹೆಣ್ಣುಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕಿಗಳನ್ನೂ ಕಲಿಸಿದನೆಂದು ಜಿನಸೇನಾಚಾರ್ಯರು ಸಂಸ್ಕೃತದಲ್ಲಿ, ಪಂಪನು ಕನ್ನಡದಲ್ಲಿ ಹೇಳಿದ್ದಾರೆ. ಲೋಕದ ವಿದ್ಯೆಯೆಲ್ಲ ತಂದೆಯಿಂದ ಮಗಳಿಗೆ ಬಂದದ್ದರಿಂದಲೇ ಆರಂಭವಾಯಿತು ಎಂಬ ಕಥೆ ಇದು.

ಜಿನಸೇನಾಚಾರ್ಯರು ಅಲ್ಲಿಗೇ ನಿಲ್ಲಿಸುವುದಿಲ್ಲ. ಗೃಹಸ್ಥನು ಮನೆಯನ್ನು ಬಿಟ್ಟು ಧರ್ಮಮಾರ್ಗಕ್ಕೆ ಹೊರಡುವಾಗ ಹಿರಿಯ ಮಗನಿಗೆ ಹೇಳಬೇಕಾದ ಮಾತನ್ನು ‘ಆದಿಪುರಾಣ’ದಲ್ಲಿ ವಿವರಿಸುತ್ತ, ಸಂಪತ್ತನ್ನು ಮೂರು ಭಾಗ ಮಾಡಿ ಒಂದನ್ನು ಧರ್ಮಕಾರ್ಯಕ್ಕೆ, ಒಂದನ್ನು ಮನೆಯ ಖರ್ಚಿಗೆ, ಇನ್ನೊಂದನ್ನು ಒಡಹುಟ್ಟಿದವರಿಗೆ ಇಡಬೇಕು ಎನ್ನುತ್ತಾರೆ. ಆ ಮೂರನೆಯ ಭಾಗದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಸಮಪಾಲು ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಇದು ಒಂಬತ್ತನೆಯ ಶತಮಾನದ ಮಾತು.

ದಾನಚಿಂತಾಮಣಿ ಅತ್ತಿಮಬ್ಬೆಯ ಜೀವನವನ್ನೂ ಇಲ್ಲಿ ನೆನೆಯಬೇಕು. ಅತ್ತಿಮಬ್ಬೆ ಮತ್ತು ತಂಗಿ ಗುಂಡಮಬ್ಬೆ ಇಬ್ಬರನ್ನೂ ನಾಗದೇವನಿಗೆ ಕೊಟ್ಟು ಮದುವೆ ಮಾಡಲಾಗಿತ್ತು. ನಾಗದೇವ ಯುದ್ಧದಲ್ಲಿ ಮಡಿದಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗನಿಗಾಗಿ ಉಳಿದಳು. ಹಾಗೆ ಉಳಿದವಳು ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು, ರನ್ನನಿಂದ ‘ಅಜಿತಪುರಾಣ’ವನ್ನು ಬರೆಯಿಸಿದಳು, ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು ಬದುಕಿದ್ದರಿಂದ ಕನ್ನಡಕ್ಕೂ ಜಿನಧರ್ಮಕ್ಕೂ ಇಷ್ಟೆಲ್ಲ ದಕ್ಕಿತು. ಬದುಕದೆ ಹೋದವಳಿಂದ ಏನು ದಕ್ಕಬಹುದಿತ್ತು ಎಂಬುದನ್ನು ಯಾರೂ ಬರೆದಿಡಲಿಲ್ಲ. ಇಂದು ಎಣಿಕೆಗೆ ಸಿಗದೆ ಹೋದ ಹೆಣ್ಣುಮಕ್ಕಳ ವಿಷಯವೂ ಹಾಗೆಯೇ.

ಬೇರು ಇರುವುದು ಆಸ್ತಿಯಲ್ಲಿ

ಹೆಣ್ಣು ಹೊರೆ ಎಂಬ ಭಾವನೆ ಎಲ್ಲಿಂದ ಬಂತು? ಮಗಳ ಮದುವೆಗೆ ಖರ್ಚು ಮಾಡಬೇಕು, ಅವಳು ಇನ್ನೊಂದು ಮನೆಗೆ ಹೋಗುತ್ತಾಳೆ, ಹೊಲ-ಮನೆ-ಅಂಗಡಿ ನೋಡಿಕೊಳ್ಳುವವನು ಮಗ ಎಂಬ ಲೆಕ್ಕಾಚಾರದಿಂದ ಬಂತು. ಇದು ಶ್ರೀಮಂತ ವ್ಯಾಪಾರಿಗಳ ಮನೆಯ ಮಾತು ಮಾತ್ರವಲ್ಲ. ಬೆಳಗಾವಿ ಭಾಗದಲ್ಲಿ ನಮ್ಮ ಸಮಾಜದ ಬಹುಪಾಲು ಕುಟುಂಬಗಳು ಬೇಸಾಯವನ್ನೇ ನಂಬಿವೆ. ಅಲ್ಲಿ ಕಬ್ಬಿನ ಗದ್ದೆಯಲ್ಲಿ, ಎಮ್ಮೆಯ ಕೊಟ್ಟಿಗೆಯಲ್ಲಿ ಹೆಣ್ಣುಮಕ್ಕಳು ಗಂಡಸರಷ್ಟೇ ದುಡಿಯುತ್ತಾರೆ. ಉತಾರದಲ್ಲಿ ಹೆಸರು ಮಾತ್ರ ಗಂಡಸರದು.

ಓದಿದವರ ಕಥೆಯೂ ಭಿನ್ನವಲ್ಲ. 2001ರ ಜನಗಣತಿಯಲ್ಲಿ ದುಡಿಯುವವರೆಂದು ದಾಖಲಾದ ಜೈನ ಮಹಿಳೆಯರು ಶೇ. 9.2 ಮಾತ್ರ. ಪ್ರಮುಖ ಧರ್ಮೀಯರಲ್ಲಿ ಇದೇ ಅತಿ ಕಡಿಮೆ. ಮಗಳನ್ನು ಓದಿಸಿದೆವು, ಆದರೆ ಆ ಓದು ಒಳ್ಳೆಯ ಸಂಬಂಧ ಕೂಡಿಬರಲೆಂದು ಮಾತ್ರ ಎಂದುಕೊಂಡೆವು.

ಕಾನೂನು ಎಂದೋ ಬದಲಾಗಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ. ಕರ್ನಾಟಕವು 1994ರಲ್ಲೇ ಅವಿವಾಹಿತ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ನೀಡಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿ ಮದುವೆಯಾದವಳಾಗಲಿ ಆಗದವಳಾಗಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಆ ಹಕ್ಕು ಮಗಳಿಗೆ ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಬೇಕೆಂದಿಲ್ಲ ಎಂದು ಸ್ಪಷ್ಟಪಡಿಸಿತು. ಜಿನಸೇನಾಚಾರ್ಯರು ಹೇಳಿದ ಮಾತು ಕಾನೂನಿಗೆ ಬರಲು ಸಾವಿರದ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು.

ಆಚರಣೆಯಲ್ಲಿ ಏನಾಗುತ್ತಿದೆ ಎಂಬುದು ಎಲ್ಲರಿಗೂ ಗೊತ್ತು. ತಂದೆ ತೀರಿಕೊಂಡ ಕೆಲವೇ ತಿಂಗಳಲ್ಲಿ ಅಕ್ಕತಂಗಿಯರನ್ನು ಕರೆಸಿ, ಸೀರೆ ಕೊಟ್ಟು, ಅರಿಶಿನ-ಕುಂಕುಮ ಇಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ‘ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ’ ಎಂಬ ಅಂಜಿಕೆಯಿಂದ ಅವರೂ ಸಹಿ ಹಾಕುತ್ತಾರೆ. ಪ್ರೀತಿಯಿಂದ ಬಿಟ್ಟುಕೊಟ್ಟದ್ದು ತ್ಯಾಗ; ಅಂಜಿಕೆಯಿಂದ ಬಿಟ್ಟುಕೊಟ್ಟದ್ದು ತ್ಯಾಗವಲ್ಲ. ಕೊಡದೆ ಇರುವುದನ್ನು ತೆಗೆದುಕೊಳ್ಳಬಾರದೆಂಬ ಅಚೌರ್ಯಾಣುವ್ರತದ ಬೆಳಕಿನಲ್ಲಿ ಅಣ್ಣತಮ್ಮಂದಿರು ಇದನ್ನು ಒಮ್ಮೆ ಯೋಚಿಸಲಿ.

‘ಹೆಣ್ಣಿಗೆ ಆಸ್ತಿ ಕೊಟ್ಟರೆ ಮನೆತನ ಒಡೆಯುತ್ತದೆ’ ಎನ್ನುವವರು ತುಳುನಾಡಿನ ನಮ್ಮವರನ್ನೇ ನೋಡಬಹುದು. ಅಲ್ಲಿಯ ಜೈನ ಮನೆತನಗಳು ತಲೆತಲಾಂತರದಿಂದ ಅಳಿಯಸಂತಾನ ಪದ್ಧತಿಯಲ್ಲಿ, ಅಂದರೆ ತಾಯಿಯ ಕಡೆಯಿಂದ ವಂಶ ಮತ್ತು ಆಸ್ತಿ ನಡೆದುಬರುವ ಕ್ರಮದಲ್ಲಿ ಬಾಳಿದವು. ಉಳ್ಳಾಲದ ರಾಣಿ ಅಬ್ಬಕ್ಕನ ಚೌಟ ವಂಶವೂ ಇದೇ ಪದ್ಧತಿಯದು. ಅಲ್ಲಿಯೂ ಆಡಳಿತ ಹೆಚ್ಚಾಗಿ ಗಂಡಸರ ಕೈಯಲ್ಲೇ ಇತ್ತು, ನಿಜ. ಆದರೆ ಹೆಣ್ಣು ಹುಟ್ಟಿದರೆ ಮನೆತನ ಉಳಿಯಿತು ಎಂದು ಸಂತೋಷಪಡುವ ಜೈನ ಸಮಾಜವೊಂದು ನಮ್ಮ ರಾಜ್ಯದಲ್ಲೇ ಇತ್ತು. ಆ ಮನೆತನಗಳು ಒಡೆದುಹೋಗಲಿಲ್ಲ. ಬಸದಿಗಳನ್ನು ಕಟ್ಟಿಸಿ ಕಾಪಾಡಿದವು.

ನಾವು ಮಾಡಬೇಕಾದ್ದು

ಇಂದು ನಮ್ಮ ವಧು-ವರರ ಸಮಾವೇಶಗಳಿಗೆ ಹೋದವರಿಗೆಲ್ಲ ಕಾಣುವ ದೃಶ್ಯ ಒಂದೇ. ವರರ ಪಟ್ಟಿ ಉದ್ದ, ವಧುಗಳ ಪಟ್ಟಿ ಚಿಕ್ಕದು. ಹಳ್ಳಿಯ ಬೇಸಾಯಗಾರ ಯುವಕರಿಗಂತೂ ಹುಡುಗಿ ಸಿಗುವುದೇ ದುರ್ಲಭ. ‘ಈಗಿನ ಹುಡುಗಿಯರಿಗೆ ಅಪೇಕ್ಷೆ ಹೆಚ್ಚು’ ಎಂದು ಅವರನ್ನೇ ದೂರುತ್ತೇವೆ. ಹುಟ್ಟದೇ ಹೋದ ಹುಡುಗಿಯರನ್ನು ಆ ಪಟ್ಟಿಯಲ್ಲಿ ಹುಡುಕುವುದಾದರೂ ಹೇಗೆ?

ಕೆಲವು ಕೆಲಸಗಳು ನಮ್ಮ ಕೈಯಲ್ಲೇ ಇವೆ. ಅವಕ್ಕೆ ಸರ್ಕಾರದ ಆದೇಶ ಬೇಕಿಲ್ಲ.

ಮೊದಲನೆಯದು, ಬಸದಿಯಲ್ಲಿ ಮಗುವಿನ ಪ್ರಥಮ ಜಿನದರ್ಶನದಂದು ಗಂಡು ಹುಟ್ಟಿದಾಗ ಮಾಡುವ ಸಂಭ್ರಮವನ್ನು ಹೆಣ್ಣು ಹುಟ್ಟಿದಾಗಲೂ ಮಾಡೋಣ. ಎರಡನೆಯದು, ನೀರು ಸೋಸುವುದನ್ನೂ ರಾತ್ರಿಭೋಜನ ತ್ಯಾಗವನ್ನೂ ಬೋಧಿಸುವ ಪ್ರವಚನಗಳಲ್ಲಿ ಭ್ರೂಣಹತ್ಯೆಯ ವಿಷಯವೂ ಬರಲೆಂದು ಪೂಜ್ಯ ಮುನಿಗಳಲ್ಲಿ, ಆರ್ಯಿಕಾ ಮಾತಾಜಿಯವರಲ್ಲಿ, ಭಟ್ಟಾರಕ ಸ್ವಾಮೀಜಿಯವರಲ್ಲಿ ವಿನಂತಿಸೋಣ. ಅವರ ಒಂದು ಮಾತಿಗೆ ಇರುವ ಶಕ್ತಿ ಹತ್ತು ಕಾಯ್ದೆಗಳಿಗಿಲ್ಲ. ಮೂರನೆಯದು, ಆಸ್ತಿ ಹಂಚುವಾಗ ಮಗಳನ್ನು ಸಹಿಗಾಗಿ ಕರೆಯುವ ಬದಲು ಪಾಲಿಗಾಗಿ ಕರೆಯೋಣ. ತಂದೆ ಬದುಕಿರುವಾಗಲೇ ಇದನ್ನು ಬರೆದಿಟ್ಟರೆ ಅಣ್ಣತಂಗಿಯರ ಪ್ರೀತಿಯೂ ಉಳಿಯುತ್ತದೆ. ನಾಲ್ಕನೆಯದು, ಬಸದಿಗಳ ಆಡಳಿತ ಮಂಡಳಿಗಳಲ್ಲಿ ಮಹಿಳೆಯರಿಗೆ ಸ್ಥಾನವಿರಲಿ. ಪಂಚಕಲ್ಯಾಣದಲ್ಲಿ ಕಳಶ ಹೊತ್ತು ಮೆರವಣಿಗೆಯ ಮುಂದೆ ನಡೆಯುವವರು, ಅಡುಗೆಮನೆಯಲ್ಲಿ ನೂರಾರು ಜನಕ್ಕೆ ಶುದ್ಧಿಯ ಊಟ ಮಾಡುವವರು ಲೆಕ್ಕಪತ್ರ ನೋಡಲು ಅರ್ಹರಲ್ಲವೆಂದು ಯಾವ ಆಗಮವೂ ಹೇಳಿಲ್ಲ.

ಗಣತಿದಾರರು ಮನೆಬಾಗಿಲಿಗೆ ಬಂದಾಗ ಧರ್ಮದ ಕಾಲಂನಲ್ಲಿ ‘ಜೈನ’ ಎಂದು ಖಂಡಿತ ಬರೆಸೋಣ. ಆ ಒಂದು ಪದದ ಜೊತೆಗೆ ಮನೆಯ ಮಕ್ಕಳ ಹೆಸರುಗಳೂ ಆ ಹಾಳೆಯಲ್ಲಿ ಇರುತ್ತವೆ. ‘ಜೈನ’ ಎಂಬ ಪದ ಸತ್ಯವೇ ಸುಳ್ಳೇ ಎಂಬುದನ್ನು ಆ ಹೆಸರುಗಳೇ ಹೇಳುತ್ತವೆ. 870 ಆಗಿದ್ದದ್ದು 889 ಆಗಿದೆ. ಮುಂದಿನ ಅಂಕಿ ಪ್ರಕಟವಾದಾಗ ಸಾಕ್ಷರತೆಯ ಅಂಕಿಯಂತೆ ಅದನ್ನೂ ತಲೆಯೆತ್ತಿ ಹೇಳುವಂತಾಗಲಿ.

ಜೈ ಜಿನೇಂದ್ರ.